ನೀರು ಕುಡಿಯದ ಅಕ್ಕೋರು

ಕಾಯಿಲೆಗಳಲ್ಲಿ ಮರ್ಯಾದೆ ಇರುವವು, ಇಲ್ಲದವು ಎಂದು ಎರಡು ಬಗೆ ಇವೆ ಎಂಬುದನ್ನು ನಾನು ಈ ವಯಸ್ಸಿನಲ್ಲಿ ಯಾವ ಸಂಕೋಚವೂ ಇಲ್ಲದೆ ಹೇಳಬಲ್ಲೆ. ಹಾರ್ಟ್ ಎಂದರೆ ಜನ ಎದ್ದು ಕುರ್ಚಿ ಕೊಡುತ್ತಾರೆ. ಬಿ.ಪಿ. ಎಂದರೆ ಮನೆಯವರೆಲ್ಲ ದನಿ ತಗ್ಗಿಸುತ್ತಾರೆ. ಶುಗರ್ ಅಂತೂ ಈಗ ಎಷ್ಟು ರೆಸ್ಪೆಕ್ಟೆಬಲ್ ಆಗಿದೆಯೆಂದರೆ, ಮದುವೆಯ ಊಟದಲ್ಲಿ ಅದಕ್ಕೆಂದೇ ಬೇರೆ ಪಂಕ್ತಿ ಹಾಕುತ್ತಾರೆ. ಆದರೆ ಮೂತ್ರಪಿಂಡದಲ್ಲಿ ಹರಳು ಎಂದು ನೋಡಿ, ಕೇಳಿದವರು ಮೊದಲು ಆಚೀಚೆ ನೋಡುತ್ತಾರೆ, ಆಮೇಲೆ ನಗು ನುಂಗುತ್ತಾರೆ. ನನ್ನ ಕನ್‌ಫೆಷನ್ ಇಷ್ಟೇ: ಇಪ್ಪತ್ತೈದು ದಾಟದ ವಯಸ್ಸಿನಲ್ಲಿ ನನಗೆ ಆ ಹರಳು ಆಗಿತ್ತು. ಹರಳು ಹೇಗೆ ಆಗುತ್ತದೆ ಎಂದು ಐವತ್ತು ಹುಡುಗಿಯರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುತ್ತಿದ್ದವಳೂ ನಾನೇ.

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನಲ್ಲಿ. ಸಿಸ್ಟರ್ ಆಗ್ನೆಸ್ ಎಂಬ ಸನ್ಯಾಸಿನಿ ನಮಗೆ ಹೈಜೀನ್ ಪಾಠ ಮಾಡುತ್ತಿದ್ದರು. ಮೂತ್ರಪಿಂಡ ಎಂಬ ಮಾತನ್ನು ಅವರು ಬಾಯಿಬಿಟ್ಟು ಹೇಳಿದ್ದು ನೆನಪಿಲ್ಲ. ಬೋರ್ಡಿನ ಮೇಲೆ ಎರಡು ದೊಡ್ಡ ಅವರೆಕಾಳು ಬರೆದು, "ಗರ್ಲ್ಸ್, ಇವು ನಿಮ್ಮ ಇಬ್ಬರು ಸರ್ವೆಂಟ್ಸ್, ಇವರಿಗೆ ನೀರು ಕೊಡದೆ ಕೆಲಸ ಹೇಳಬಾರದು" ಎನ್ನುತ್ತಿದ್ದರು. ನಾವು ಇಪ್ಪತ್ತು ಹುಡುಗಿಯರು ಆ ಅವರೆಕಾಳಿಗೆ ಗುಲಾಬಿ ಬಣ್ಣ ತುಂಬಿ, ಗುಡ್ ಎಂದು ಸಹಿ ಮಾಡಿಸಿಕೊಂಡೆವು. ಆ ಕಾನ್ವೆಂಟಿನ ಹಿಂದುಗಡೆ ಸಾಲಾಗಿ ಏಳು ಬಾಗಿಲುಗಳಿದ್ದವು, ಒಳಗೆ ಬಿಳಿ ಹಾಸು, ಮೂಲೆಯಲ್ಲಿ ತುಂಬಿದ ಬಕೆಟ್. ಗೋಡೆಯಾಚೆಯ ಗುಲ್‌ಮೊಹರ್ ಮರದ ಹೂವು ಕೆಲವೊಮ್ಮೆ ಆ ಬಕೆಟ್ಟಿನಲ್ಲಿ ತೇಲುತ್ತಿತ್ತು. ಜೀವನದಲ್ಲಿ ನನಗೆ ಸಿಕ್ಕ ಲಕ್ಸುರಿ ಅದೇ ಎಂದು ಆಗ ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಈಗಲೂ ಒಮ್ಮೊಮ್ಮೆ ಕಣ್ಣು ಮುಚ್ಚಿದರೆ ಆ ಏಳು ಬಾಗಿಲು ಕಾಣುತ್ತವೆ. ಬೇರೆಯವರಿಗೆ ಬಾಲ್ಯವೆಂದರೆ ಅಜ್ಜಿಯ ಮಡಿಲು ನೆನಪಾಗುತ್ತದಂತೆ.

ಮದುವೆಯಾಗಿ ಹುಕ್ಕೇರಿಗೆ ಬಂದೆ. ನಮ್ಮವರು ಅಲ್ಲಿನ ಮಾಮಲೇದಾರ ಕಚೇರಿಯಲ್ಲಿ ಕಾರಕೂನರು. ನಮ್ಮ ತಾಲೂಕು ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗಿನ್ನೂ ಎರಡೇ ವರ್ಷವಾಗಿತ್ತು. ಊರಿನ ಹೆಣ್ಣುಮಕ್ಕಳ ಸಾಲೆಯಲ್ಲಿ ಒಂದು ಹಂಗಾಮಿ ಜಾಗ ಖಾಲಿ ಇತ್ತು, ನನಗೆ ಸಿಕ್ಕಿತು. ಸಾಲೆ ಎಂದರೆ ಹಳೆಯ ವಾಡೆಯೊಂದರ ಮುಂಭಾಗ: ಮೂರು ಕೋಣೆ, ಒಂದು ಪಡಸಾಲೆ, ನಾಲ್ಕು ಮಂದಿ ಅಕ್ಕೋರು. ನಮ್ಮ ಕಡೆ ಸಾಲೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಮುಖ್ಯಸ್ಥೆ ಚಂಪಾಬಾಯಿಯವರು ದೊಡ್ಡ ಅಕ್ಕೋರು. ಮೊದಲ ದಿನವೇ ಅವರು ನನ್ನನ್ನು ಪಕ್ಕಕ್ಕೆ ಕರೆದು, ಸೆರಗು ಎರಡೂ ಭುಜ ಮುಚ್ಚಿರಬೇಕು, ಬಾಜೂ ಗಂಡು ಸಾಲೆಯ ಮಾಸ್ತರರ ಎದುರು ನಗಬಾರದು ಎಂದು ತಿಳಿಸಿದರು. ಆಮೇಲೆ ಪಡಸಾಲೆಯ ಮೂಲೆಯಲ್ಲಿ ಫಳಫಳ ಹೊಳೆಯುತ್ತಿದ್ದ ತಾಮ್ರದ ಕೊಡ ತೋರಿಸಿ, "ಬಾಯಿ ಒಣಗಿದ್ರ ಮುಕ್ಕಳಿಸಿ ಉಗುಳ್ರಿ. ನುಂಗಬ್ಯಾಡ್ರಿ. ಕುಡಿಯೂದು ಸಂಜಿಕ ಮನಿಗಿ ಹೋಗಿ" ಎಂದರು. ಯಾಕೆಂದು ಕೇಳಬೇಕಾಗಿರಲಿಲ್ಲ. ಮಾಸ್ತರರಿಗೆ ಕಂಪೌಂಡಿನ ಹಿಂದೆ ಒಂದು ದಪ್ಪ ಜಾಲಿ ಮರವಿತ್ತು. ನಮಗೆ ಏನೂ ಇರಲಿಲ್ಲ.

ಹುಡುಗಿಯರು ಮಧ್ಯಾಹ್ನ ಮನೆಗೆ ಓಡಿಹೋಗಿ ಬರುತ್ತಿದ್ದರು. ಅಕ್ಕೋರು ಹಾಗೆ ಓಡುವಂತಿರಲಿಲ್ಲ. ನನ್ನ ಮನೆ ಪೇಟೆಯ ಆ ತುದಿಗೆ; ನಡುವೆ ಅರಿವೆ ಅಂಗಡಿ, ಕಿರಾಣಿ, ಕಟಿಂಗ್ ಅಂಗಡಿ, ಚಹಾದ ಅಂಗಡಿ. ಮಧ್ಯಾಹ್ನ ಒಬ್ಬ ಅಕ್ಕೋರು ಸರಸರ ಮನೆಗೆ ಹೋಗಿ ಹತ್ತು ನಿಮಿಷದಲ್ಲಿ ತಿರುಗಿ ಬಂದರೆ, ಯಾಕೆ ಹೋಗಿದ್ದರೆಂದು ಆ ನಾಲ್ಕೂ ಅಂಗಡಿಗೆ ಲೆಕ್ಕ ಸಿಕ್ಕಹಾಗೆ. ವಿದ್ಯಾರ್ಥಿನಿಯರ ಮನೆಗಳಿಗೆ ಹೋಗಕೂಡದೆಂದು ದೊಡ್ಡ ಅಕ್ಕೋರ ಮನಾಯಿ ಇತ್ತು. ಅಕ್ಕೋರ ಡಿಗ್ನಿಟಿ ಹೋಗುತ್ತದೆ ಎಂದು. ಹೀಗಾಗಿ ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಐದೂವರೆಯ ತನಕ ನಾವು ನಾಲ್ವರೂ ಒಂದು ಬಗೆಯ ವ್ರತ ಮಾಡುತ್ತಿದ್ದೆವು. ಉಪವಾಸಕ್ಕಾದರೂ ಸಾಬೂದಾಣಿ ಇದೆ, ಈ ವ್ರತಕ್ಕೆ ಅದೂ ಇಲ್ಲ. ಮೂರು ತಿಂಗಳಲ್ಲಿ ನಾನು ಅದರಲ್ಲಿ ಎಷ್ಟು ಪಳಗಿದೆನೆಂದರೆ, ಬಾಯಾರಿಕೆ ಎಂಬುದು ಓದದ ಜನರ ಚಟ ಎನ್ನಿಸತೊಡಗಿತು.

ಶಿವರಾತ್ರಿಯ ಮುಂಚೆ ಒಂದು ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದಾಗ ಎಡ ಪಕ್ಕೆಯಲ್ಲಿ ಯಾರೋ ಉಳಿ ಇಟ್ಟು ಹೊಡೆದಂತಾಯಿತು. ಮೊದಲು ವಾಯು ಎಂದುಕೊಂಡೆ. ಎರಡನೆಯ ಏಟಿಗೆ ರೊಟ್ಟಿಯ ಮಣೆಯನ್ನು ತಬ್ಬಿಕೊಂಡು ಕೂತೆ. ಮೂರನೆಯದಕ್ಕೆ ಕಾನ್ವೆಂಟಿನ ಪ್ರಾರ್ಥನೆ, ನಮ್ಮ ಮನೆದೇವರ ಹೆಸರು ಎರಡೂ ಒಟ್ಟಿಗೆ ಬಾಯಿಗೆ ಬಂದವು. ನಮ್ಮವರು ಗಾಬರಿಯಾಗಿ ರಜೆ ಹಾಕಿ, ಗೋಕಾಕದ ಬಸ್ಸಿಗೆ ಹತ್ತಿಸಿಕೊಂಡು ಹೋದರು. ಅಲ್ಲಿನ ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಬೆನ್ನ ಮೇಲೆ ತಟ್ಟಿ ನೋಡಿ, ನಾನು ಕಿರುಚುವುದನ್ನು ಕೇಳಿ ಸಮಾಧಾನಪಟ್ಟವರಂತೆ ತಲೆದೂಗಿ, ದಿನಕ್ಕೆ ನೀರು ಎಷ್ಟು ಕುಡಿಯುತ್ತೀರಿ ಎಂದರು. ಗಂಡನ ಮುಂದೆ ಏನು ಹೇಳಲಿ? "ಪ್ಲೆಂಟಿ, ಡಾಕ್ಟರ್" ಎಂದೆ. ಅವರು ನನ್ನ ಒಡೆದ ತುಟಿಯನ್ನೇ ನೋಡುತ್ತ, "ನಿಮ್ಮ ತುಟಿ ಹಂಗ ಹೇಳವಲ್ದ್ರಿ" ಎಂದರು.

ಅವರು ಹೇಳಿದ್ದು ಸಿಸ್ಟರ್ ಆಗ್ನೆಸ್ ಹೇಳಿದ್ದೇ, ಗುಲಾಬಿ ಬಣ್ಣ ಮಾತ್ರ ಇರಲಿಲ್ಲ. ರಕ್ತದಲ್ಲಿನ ಬೇಡದ ಉಪ್ಪುಗಳನ್ನೆಲ್ಲ ಮೂತ್ರಪಿಂಡ ಸೋಸಿ ನೀರಿನಲ್ಲಿ ಕರಗಿಸಿ ಹೊರಗೆ ಕಳಿಸುತ್ತದೆ. ನೀರು ಸಾಕಷ್ಟು ಇಲ್ಲದಿದ್ದರೆ ಉಪ್ಪು ಕರಗಿ ಉಳಿಯಲಾರದು. ಒಂದು ಕಣ ಹುಟ್ಟುತ್ತದೆ, ಅದಕ್ಕೆ ಇನ್ನೊಂದು ಅಂಟುತ್ತದೆ, ಅದರ ಮೇಲೆ ಮತ್ತೊಂದು. ಕೂತಲ್ಲೇ ಇದ್ದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ಕೆಳಗಿನ ಸಣ್ಣ ನಾಳಕ್ಕೆ ಇಳಿಯಿತೋ, ಈ ಉಳಿಯ ಏಟು. ಹರಳು ಈಗ ಸಣ್ಣದಿರುವಂತಿದೆ, ತಾಸಿಗೊಂದು ದೊಡ್ಡ ಗ್ಲಾಸು ನೀರು ಕುಡಿದರೆ ತಾನೇ ಹೋದೀತು, ಕುಡಿಯದೆ ಬೆಳೆಸಿಕೊಂಡರೆ ಮಿರಜದ ದೊಡ್ಡ ಆಸ್ಪತ್ರೆಗೆ ಹೋಗಿ ಕೊಯ್ಸಬೇಕಾಗುತ್ತದೆ ಎಂದು ಹೇಳಿ, ಅಲ್ಲಿಯೇ ಎರಡು ಗ್ಲಾಸು ಕುಡಿಸಿ ಕಳಿಸಿದರು. ತಿರುಗಿ ಬರುವಾಗ ಬಸ್ಸು ಒಂದು ಹಳ್ಳದ ಬಳಿ ನಿಂತಿತು. ಗಂಡಸರೆಲ್ಲ ಇಳಿದು ಆರಾಮಾಗಿ ಹೋಗಿಬಂದರು. ನಾವು ಹೆಂಗಸರು ಏಳು ಮಂದಿ ಸೀಟಿನ ಮೇಲೆ ಕಲ್ಲಿನ ಮೂರ್ತಿಗಳಂತೆ ಕೂತಿದ್ದೆವು. ಒಳಗೂ ಕಲ್ಲು ಇದ್ದವಳು ನಾನೊಬ್ಬಳೇ ಇದ್ದಿರಲಾರೆ ಎಂದು ಈಗ ಅನ್ನಿಸುತ್ತದೆ.

ನಮ್ಮ ಅತ್ತೆಯವರಿಗೆ ಈ ನೀರಿನ ಥಿಯರಿ ಒಪ್ಪಿಗೆಯಾಗಲಿಲ್ಲ. ಅವರು ತುಕ್ಕಾನಟ್ಟಿಯ ಒಕ್ಕಲು ಮನೆಯವರು, ಕಾಳುಕಡಿಯ ವಿಷಯದಲ್ಲಿ ಯಾವ ಡಾಕ್ಟರ ಮಾತನ್ನೂ ಕೇಳುವವರಲ್ಲ. ಬೀಸುವ ಕಲ್ಲು ಸವೆದಾಗ ಅದರ ಮೈಗೆ ಉಳಿಯಿಂದ ಹೊಡೆಸಿ ತರಿ ಮಾಡಿಸುತ್ತಾರಲ್ಲ, ನಮ್ಮ ಮನೆಯಲ್ಲಿ ಅದು ಸಂಕ್ರಾಂತಿಗೆ ಆಗಿತ್ತು. ಅವರ ತೀರ್ಪು ಪಡಸಾಲೆಯಲ್ಲಿ ಎಲ್ಲರೆದುರಿಗೆ ಹೊರಬಿತ್ತು. "ಹೊಸದಾಗಿ ಹೊಡಿಸಿದ ಕಲ್ಲು. ಅದರ ಪುಡಿ ಹಿಟ್ಟಿನಾಗ ಹೋಗೇತಿ. ಮ್ಯಾಲ ಇಕಿ ಅಕ್ಕಿ ಆರಿಸೂ ಮುಂದ ಕಣ್ಣು ಪುಸ್ತಕದಾಗ ಇರ್ತಾವ. ಕಲ್ಲು ತಿಂದ್ರ ಹೊಟ್ಯಾಗ ಕಲ್ಲು ಆಗದ ಮಲ್ಲಿಗಿ ಹೂವು ಆಗ್ತಾವೇನು?"

ಅದೇ ಹಿಟ್ಟಿನ ರೊಟ್ಟಿಯನ್ನು ಮನೆಯವರೆಲ್ಲ ತಿಂದಿದ್ದೀರಲ್ಲ ಎಂದು ನಾನು ಲಾಜಿಕ್ ಹೂಡಿದೆ. ನಾವು ಕಡಿದು ತಿನ್ನುತ್ತೇವೆ, ನೀನು ಇಂಗ್ಲಿಷ್ ಮಂದಿಯ ಹಾಗೆ ಬಾಯಿ ಮುಚ್ಚಿಕೊಂಡು ನುಂಗುತ್ತೀ ಎಂದು ಉತ್ತರ ಬಂತು. ಬಾಯಿ ಮುಚ್ಚಿ ಅಗಿಯಬೇಕೆಂದು ಕಲಿಸಿದ ಸಿಸ್ಟರ್ ಆಗ್ನೆಸ್ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು. ಇಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಅತ್ತೆಯವರು ಮುಂದಿನ ಮಾತನ್ನೂ ಆಡಿದರು: ಪರೀಕ್ಷೆ ಮುಗಿಯಲಿ, ನೌಕರಿ ಬಿಡಲಿ, ಮನೆಯಲ್ಲಿ ಕೂತು ಕಾಳು ಹಸನು ಮಾಡಲಿ. ನಮ್ಮವರು ನನ್ನ ಕಡೆ ನೋಡಿದರು, ಅವ್ವನ ಕಡೆ ನೋಡಿದರು, ಕೊನೆಗೆ ಕಾಯಂ ಆದರೆ ನೋಡೋಣ ಎಂದರು. ಕಾರಕೂನರು ಫೈಲನ್ನು ಮುಂದಕ್ಕೆ ಹಾಕುವ ರೀತಿ ಅದು. ಆದರೂ ನನಗೆ ಅಷ್ಟೇ ಸಾಕಾಯಿತು. ಆ ವರ್ಷದ ಇನ್‌ಸ್ಪೆಕ್ಷನ್‌ನಲ್ಲಿ ಸಾಹೇಬರು ಪಾಠ ನೋಡಿ ಚೆನ್ನಾಗಿದೆ ಎಂದು ಬರೆದರೆ ನಾನು ಕಾಯಂ. ಇಲ್ಲದಿದ್ದರೆ ಮೊರದ ಮುಂದೆ.

ಹೀಗೆ ನಾನು ಎರಡರ ನಡುವೆ ಸಿಕ್ಕಿಬಿದ್ದೆ. ನೀರು ಕುಡಿದರೆ ಸಾಲೆಯಲ್ಲಿ ಕೂರುವಂತಿಲ್ಲ, ಕುಡಿಯದಿದ್ದರೆ ಮಿರಜ. ಬೆಳಗಿನ ಜಾವ ಎದ್ದು ಮೂರು ತಂಬಿಗೆ, ಸಂಜೆ ಬಂದು ನಾಲ್ಕು ತಂಬಿಗೆ ಎಂದು ಟೈಮ್‌ಟೇಬಲ್ ಹಾಕಿಕೊಂಡೆ. ಹುರುಳಿಯ ಕಟ್ಟು ಕುಡಿದೆ, ಬಾರ್ಲಿ ಕುಡಿದೆ. ಮಧ್ಯದ ಏಳು ತಾಸು ಮಾತ್ರ ಹಾಗೇ ಒಣಗಿ ನಿಂತವು, ಮತ್ತು ಆ ಏಳು ತಾಸಿನಲ್ಲೇ ಬಿಸಿಲು ಇರುತ್ತದೆ. ಪಾಠ ಮಾಡುತ್ತ ಪಕ್ಕೆಯಲ್ಲಿ ಸಣ್ಣ ಚುಚ್ಚು ಬಂದರೆ ಸಾಕು, ಬೋರ್ಡಿನ ಕಡೆ ತಿರುಗಿ ಏನಾದರೂ ಒರೆಸುತ್ತಿದ್ದೆ. ಆ ತಿಂಗಳು ನನ್ನಷ್ಟು ಕ್ಲೀನ್ ಬೋರ್ಡ್ ಇಡೀ ತಾಲೂಕಿನಲ್ಲಿ ಯಾರದೂ ಇರಲಿಲ್ಲ.

ಇನ್‌ಸ್ಪೆಕ್ಷನ್‌ನ ಪತ್ರ ಬಂತು. ದೊಡ್ಡ ಅಕ್ಕೋರು ನಮಗೆಲ್ಲ ಪಾಠ ಹಂಚಿದರು. ನೀವು ಇಂಗ್ಲಿಷ್ ಸಾಲೆಯವರು, ಶರೀರಶಾಸ್ತ್ರದ್ದು ನೀವೇ ಮಾಡಿರಿ ಎಂದು ನನಗೆ ಮೂತ್ರಪಿಂಡವನ್ನೇ ಕೊಟ್ಟರು. ಅವರಿಗೆ ನನ್ನ ಸಂಗತಿ ಗೊತ್ತಿರಲಿಲ್ಲ. ಹೇಳಿದರೆ ರೋಗಿಷ್ಠೆ ಎಂದು ಬರೆದಾರೆಂಬ ಭಯದಿಂದ ನಾನು ಸಾಲೆಯಲ್ಲಿ ಯಾರಿಗೂ ಹೇಳಿರಲಿಲ್ಲ.

ಆ ದಿನ ಬೆಳಿಗ್ಗೆ ಎದ್ದಾಗಲೇ ಪಕ್ಕೆ ಹಿಡಿದುಕೊಂಡಿತ್ತು. ನೋವು ಎದ್ದರೆ ಕುಡಿಯುತ್ತಲೇ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಸಾಹೇಬರು ಹನ್ನೊಂದಕ್ಕೆ ಬರುವವರು, ಹನ್ನೆರಡಕ್ಕೆ ನನ್ನ ಪಾಠ ಮುಗಿಯುತ್ತದೆ, ಅಷ್ಟರ ತನಕ ತಡೆದೇನು ಎಂದು ಲೆಕ್ಕ ಹಾಕಿ ಐದು ತಂಬಿಗೆ ಕುಡಿದು ಹೊರಟೆ. ಹನ್ನೊಂದಾಯಿತು, ಹನ್ನೆರಡಾಯಿತು. ಸಾಹೇಬರು ಮೂಡಲಗಿಯ ಸಾಲೆ ಮುಗಿಸಿ ಗೋಕಾಕಕ್ಕೆ ಬಂದು ಅಲ್ಲಿಂದ ಬಸ್ಸು ಹಿಡಿಯಬೇಕಿತ್ತಂತೆ, ಬಸ್ಸು ಕೆಟ್ಟಿತ್ತಂತೆ. ಅವರು ಯಾವ ಕ್ಷಣ ಬಂದಾರೋ ಎಂದು ಯಾರೂ ಹೊಸ್ತಿಲು ದಾಟುವಂತಿರಲಿಲ್ಲ. ಒಂದು ಗಂಟೆಗೆ ನಾನು ಕೂರುವುದನ್ನು ಬಿಟ್ಟೆ. ಎರಡು ಗಂಟೆಗೆ ನಿಲ್ಲುವುದೂ ಕಷ್ಟವಾಗಿ, ಕಾಲು ಹೆಣೆದುಕೊಂಡು ಗೋಡೆಗೆ ಒರಗಿದೆ. ಹಿಂದೆ ಪಕ್ಕೆಯಲ್ಲಿ ಉಳಿ, ಮುಂದೆ ಐದು ತಂಬಿಗೆ. ಮನುಷ್ಯರ ದೇಹ ಇಷ್ಟು ಸಣ್ಣ ಜಾಗದಲ್ಲಿ ಇಷ್ಟೊಂದು ಸಂಗತಿಗಳನ್ನು ಹಿಡಿದಿಡಬಲ್ಲದೆಂದು ಹೈಜೀನ್ ಪುಸ್ತಕದಲ್ಲಿ ಎಲ್ಲಿಯೂ ಬರೆದಿರಲಿಲ್ಲ.

ಮೂರಕ್ಕೆ ಸಾಹೇಬರು ಬಂದರು. ಕೋಟು, ರುಮಾಲು, ಧೂಳು ಹಿಡಿದ ಬೂಟು, ದಣಿದ ಒಳ್ಳೆಯ ಮುಖ. ಬಂದವರೇ ನೀರು ಕೇಳಿದರು. ದೊಡ್ಡ ಅಕ್ಕೋರು ಆ ಹೊಳೆಯುವ ಕೊಡದಿಂದ ತಂಬಿಗೆಗೆ ತುಂಬಿದರು. ಆ ಸಪ್ಪಳ ಕೇಳಿ ನಾನು ಹೆಣೆದ ಕಾಲನ್ನು ಇನ್ನಷ್ಟು ಬಿಗಿದೆ. ಸಾಹೇಬರು ಎರಡು ಗ್ಲಾಸು ಗಟಗಟ ಕುಡಿದು, ಕೊಡ ಎಷ್ಟು ಸ್ವಚ್ಛ ಇಟ್ಟಿದ್ದೀರಿ ಎಂದು ಹೊಗಳಿದರು. ಚಹಾ ಆದ ಮೇಲೆ ಕಂಪೌಂಡಿನ ಗೋಡೆ ನೋಡಿಬರುತ್ತೇನೆಂದು ಹಿಂದುಗಡೆ ಹೋದರು. ಆ ಗೋಡೆಯಲ್ಲಿ ನೋಡುವಂಥದ್ದು ಜಾಲಿ ಮರ ಒಂದೇ. ತಿರುಗಿ ಬಂದಾಗ ಮುಖ ಅರಳಿತ್ತು. ಅಷ್ಟು ಅಸೂಯೆಯನ್ನು ನಾನು ಜನ್ಮದಲ್ಲಿ ಯಾರ ಮೇಲೂ ಪಟ್ಟಿಲ್ಲ.

ಪಾಠ ಶುರು ಮಾಡಿದೆ. ಎರಡು ಅವರೆಕಾಳು ಬರೆದೆ. ಮನೆಯ ಬಚ್ಚಲ ಹಂಡೆಯ ಒಳಗೆ ಕಟ್ಟಿದ್ದ ಬಿಳಿ ಚಿಪ್ಪನ್ನು ಕೆತ್ತಿ ತಂದಿದ್ದೆ, ಅದನ್ನು ಹುಡುಗಿಯರ ಕೈಗೆ ಕೊಟ್ಟೆ. ಬಾವಿಯ ನೀರು ನೋಡಲು ತಿಳಿ, ಆದರೆ ದಿನಾ ಕಾದು ಆವಿಯಾಗುತ್ತ ಹೋದರೆ ಒಳಗಿನ ಸುಣ್ಣ ಹೀಗೆ ಪದರು ಪದರಾಗಿ ಕೂರುತ್ತದೆ, ನಮ್ಮೊಳಗೂ ನೀರು ಕಡಿಮೆಯಾದರೆ ಇದೇ ಆಟ ಎಂದೆ. ಮಾತಿನ ನಡುವೆ ನೋವು ತೆರೆಯ ಹಾಗೆ ಎದ್ದಾಗ ಟೇಬಲ್ಲಿನ ಅಂಚು ಹಿಡಿದು ನಿಂತೆ. ಹಣೆಯಿಂದ ಬೆವರು ಇಳಿಯುತ್ತಿತ್ತು. ಹರಳಿನ ನೋವು ಹೇಗಿರುತ್ತದೆಂದು ನಾನು ವರ್ಣಿಸಿದ ರೀತಿಗೆ ಮುಂದಿನ ಸಾಲಿನ ಒಬ್ಬಳು ಅಳತೊಡಗಿದಳು. ಸಾಹೇಬರು ಪುಸ್ತಕದಲ್ಲಿ ಏನೋ ಬರೆದುಕೊಂಡರು. ಆಮೇಲೆ ಗೊತ್ತಾಯಿತು, ಪರಿಣಾಮಕಾರಿ ನಿರೂಪಣೆ ಎಂದು ಬರೆದಿದ್ದರಂತೆ.

ಇನ್ನೇನು ಮುಗಿಯಿತು ಎನ್ನುವಾಗ ಅವರು, ಈ ಹುಡುಗಿಯರು ಸಾಲೆಯಲ್ಲಿ ನೀರು ಎಷ್ಟು ಕುಡಿಯುತ್ತಾರೆ ಕೇಳಿರಿ ಎಂದರು. ಕೇಳಿದೆ. ಕೊನೆಗೆ ಬಳೆ ಅಂಗಡಿಯ ಖತೀಜಾಬಿಯ ಮಗಳು ಎದ್ದು ನಿಂತು, ಅತ್ಯಂತ ವಿನಯದಿಂದ, "ನೀವೂ ಕುಡಿಯಂಗಿಲ್ಲಲ್ರಿ ಅಕ್ಕೋರ" ಎಂದಳು.

ದೊಡ್ಡ ಅಕ್ಕೋರು ಕೆಮ್ಮಿದರು. ಸಾಹೇಬರು ಪೆನ್ನು ಕೆಳಗಿಟ್ಟು, ಯಾಕೆಂದು ನನ್ನನ್ನು ಕೇಳಿದರು. ಒಳ್ಳೆಯ ಸೊಸೆಗೆ, ಒಳ್ಳೆಯ ಅಕ್ಕೋರಿಗೆ ಹೇಳಲು ನೂರು ಸುಳ್ಳುಗಳಿದ್ದವು. ಕನ್ನಡದಲ್ಲಿ ಆ ಮಾತನ್ನು ಗಂಡಸಿನ ಎದುರಿಗೆ ಆಡಲು ನನ್ನ ನಾಲಿಗೆ ಏಳಲಿಲ್ಲ. ಇಂಗ್ಲಿಷಿನಲ್ಲಿ ಮಾತ್ರ, ದೂರದ ಯಾರದೋ ಮನೆಯ ಸುದ್ದಿ ಹೇಳಿದಂತೆ, ಬಂದುಬಿಟ್ಟಿತು: "ದೇರ್ ಈಸ್ ನೋ ಲ್ಯಾವೆಟರಿ, ಸರ್. ಸೋ ವಿ ಡು ನಾಟ್ ಡ್ರಿಂಕ್."

ಸಾಹೇಬರು ತಮ್ಮ ಮುಂದಿನ ಖಾಲಿ ಗ್ಲಾಸನ್ನು ನೋಡಿದರು. ಅವರ ಕಿವಿ ಕೆಂಪಾದವು. ಎಷ್ಟು ವರ್ಷದಿಂದ ಹೀಗೆ ಎಂದು ದೊಡ್ಡ ಅಕ್ಕೋರನ್ನು ಕೇಳಿದರು. ಸಾಲೆ ಶುರುವಾದಾಗಿನಿಂದ, ಹತ್ತೊಂಬತ್ತು ವರ್ಷ ಎಂದು ಅವರು ನೆಲ ನೋಡುತ್ತ ಹೇಳಿದರು. ಒಂದು ಸಲವಾದರೂ ವರದಿಯಲ್ಲಿ ಬರೆಯಬೇಡವೇ ಎಂದು ಸಾಹೇಬರು ಅಂದಾಗ ಚಂಪಾಬಾಯಿಯವರು ತಲೆಯೆತ್ತಿದರು. ನಾನು ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. "ಹೆಂಗ ಬರೀಲ್ರಿ ಸಾಹೇಬ್ರ? ಅದನ್ನ ಓದಾವ್ರೆಲ್ಲಾ ಗಂಡಸರ ಅದಾರ."

ಸಾಹೇಬರು ಸಾಲೆಯನ್ನು ಅರ್ಧ ತಾಸು ಮೊದಲೇ ಬಿಡಲು ಹೇಳಿ, ಹಿಂತಿರುಗಿ ನೋಡದೆ ಹೊರಟರು. ನಾನು ಡಿಗ್ನಿಟಿಯನ್ನು ಅಲ್ಲೇ ಟೇಬಲ್ಲಿನ ಮೇಲೆ ಬಿಟ್ಟು, ಎದುರಿನ ಖತೀಜಾಬಿಯ ಮನೆಗೆ ಓಡಿದೆ. ಆ ತಾಯಿ ನನ್ನ ಮುಖ ನೋಡಿದವಳೇ ಬಚ್ಚಲ ಬಾಗಿಲು ತೆರೆದಳು. ಅಲ್ಲಿ, ಆ ಕರಿ ಹಾಸುಗಲ್ಲಿನ ಮೇಲೆ, ನನ್ನ ಜೀವ ಹೋಗಿ ಬಂದು, ಹರಳು ಬಿತ್ತು. ಜೋಳದ ಕಾಳಿನ ಅರ್ಧವೂ ಇರಲಿಲ್ಲ. ಹೊರಗೆ ಬಂದಾಗ ಖತೀಜಾಬಿ ಕೈಗೆ ಬೆಲ್ಲ, ನೀರು ಕೊಟ್ಟು, "ಎದುರಿಗೇ, ಇಷ್ಟ ಸನೇಕ ಇದ್ದು ಇಷ್ಟು ದಿನ ಯಾಕ ಬರ್ಲಿಲ್ರಿ ಅಕ್ಕೋರ?" ಎಂದಳು. ನಾನು ನೀರು ಕುಡಿದೆ. ಇನ್ನೊಂದು ಗ್ಲಾಸು ಕೇಳಿ ಅದನ್ನೂ ಕುಡಿದೆ.

ಹರಳನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡು ಹೋಗಿ ಅತ್ತೆಯವರ ಮುಂದೆ ಬಿಚ್ಚಿದೆ, ಸೈನ್ಸ್ ಗೆದ್ದ ಹೆಮ್ಮೆಯಲ್ಲಿ. ಅವರು ಅದನ್ನು ತೆಗೆದುಕೊಂಡು, ಅಂದು ಅಕ್ಕಿಯಲ್ಲಿ ಆರಿಸಿಟ್ಟಿದ್ದ ಹರಳುಗಳ ಪಕ್ಕದಲ್ಲಿ ಮೊರದ ಮೇಲೆ ಇಟ್ಟು ನೋಡಿದರು. ಆಮೇಲೆ ಯಾವುದು ನನ್ನದು, ಯಾವುದು ಅಕ್ಕಿಯದು ಎಂದು ನನಗೇ ಗುರುತು ಹತ್ತಲಿಲ್ಲ. ಅವರು ಮೊರವನ್ನು ನನ್ನ ಕಡೆ ಸರಿಸಿದರು. ಆದರೆ ಮೇ ತಿಂಗಳಲ್ಲಿ ಕಾಯಂ ಆರ್ಡರ್ ಬಂದಾಗ, ನೌಕರಿ ಬಿಡುವ ಮಾತನ್ನು ಅವರೂ ಮತ್ತೆ ಎತ್ತಲಿಲ್ಲ. ಅಕ್ಕಿಯನ್ನು ಮಾತ್ರ ಅಂದಿನಿಂದ ಅವರೇ ಆರಿಸಿದರು.

ಸಾಹೇಬರು ಆ ಸಂಗತಿಯನ್ನು ವರದಿಯಲ್ಲಿ ಬರೆದದ್ದು ವ್ಯರ್ಥವಾಗಲಿಲ್ಲ, ಅವಸರವನ್ನೂ ಮಾಡಲಿಲ್ಲ. ನಾಲ್ಕು ವರ್ಷದ ಮೇಲೆ ಮಂಜೂರಾಗಿ, ಐದನೆಯ ವರ್ಷ ಹಿತ್ತಲಲ್ಲಿ ಒಂದು ಕೋಣೆ ಎದ್ದಿತು: ಸುಣ್ಣದ ಗೋಡೆ, ತಗಡಿನ ಬಾಗಿಲು, ಒಳಗೆ ಬಿಳಿ ಹಾಸು. ಅಷ್ಟರಲ್ಲಿ ಚಂಪಾಬಾಯಿಯವರು ನಿವೃತ್ತರಾಗಿ ನಾನೇ ದೊಡ್ಡ ಅಕ್ಕೋರು ಆಗಿದ್ದೆ. ಮೊದಲ ತಿಂಗಳು ಆಡುಗಳು ಒಳಗೆ ಹೊಕ್ಕವು. ಎರಡನೆಯ ತಿಂಗಳು ಯಾರೋ ಬಕೆಟ್ ಒಯ್ದರು. ಮುಂದಿನ ಸಾಹೇಬರು ಬಂದು ನೋಡಿದಾಗ ಹೊಲಸಾಗಿದ್ದರೆ ಏನು ಗತಿ ಎಂದು ನಾನು ಒಂದು ಕೀಲಿ ತಂದು ಹಾಕಿದೆ. ನಾಲ್ಕು ದಿನದ ಮಟ್ಟಿಗೆ ಎಂದುಕೊಂಡೇ ಹಾಕಿದ್ದು. ಕೀಲಿಕೈ ನನ್ನ ಸೊಂಟದಲ್ಲಿ ಇರುತ್ತಿತ್ತು. ಬೇಕಾದಾಗ ನಾನು ಹೋಗುತ್ತಿದ್ದೆ. ಬೇಕಾದವರು ಕೇಳಲಿ, ಕೊಡುತ್ತೇನೆ ಎಂದು ಮನಸ್ಸಿನಲ್ಲಿತ್ತು. ಯಾರೂ ಕೇಳಲಿಲ್ಲ. ಕೇಳದಿದ್ದರೆ ಬೇಡವಾಗಿದೆ ಎಂದು ತಿಳಿದೆ. ಹೀಗೆ ಎರಡು ವರ್ಷ ಹೋಯಿತು.

ಆಗ ಮೂಡಲಗಿಯಿಂದ ಶಾಂತಾ ಎಂಬ ಹೊಸ ಅಕ್ಕೋರು ಬಂದಳು. ಚುರುಕು ಹುಡುಗಿ, ನಗುಮುಖ. ಬಂದು ನಾಲ್ಕು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಸೊಂಟದ ಮೇಲೆ ಕೈಯಿಟ್ಟುಕೊಂಡು, ಬಿಳಿಚಿದ ಮುಖದಲ್ಲಿ ಅರ್ಧ ದಿನದ ರಜೆ ಕೇಳಲು ನನ್ನ ಹತ್ತಿರ ಬಂದಳು. ಕೈಯಿದ್ದ ಜಾಗ ನೋಡಿಯೇ ನನಗೆ ತಿಳಿಯಿತು. ಸಹಿ ಮಾಡಿ ಕೊಟ್ಟೆ. ಅವಳು ಹೋಗುವ ಮುಂಚೆ ಹಿತ್ತಲ ಕಡೆ ನೋಡಿ ಸಹಜವಾಗಿ ಕೇಳಿದಳು, "ಆ ಕೋಣ್ಯಾಗ ಹಳೇ ರೆಕಾರ್ಡ್ ಇಟ್ಟೀರೇನ್ರಿ ದೊಡ್ಡ ಅಕ್ಕೋರ? ಯಾವಾಗಲೂ ಕೀಲಿ ಇರ್ತೈತಿ."

ನಾನು ಹೂಂ ಎಂದುಬಿಟ್ಟೆ.

ಮರುದಿನ ಎಲ್ಲರಿಗಿಂತ ಮೊದಲು ಹೋಗಿ, ಕೀಲಿ ತೆಗೆದು, ಕಸ ಗುಡಿಸಿ, ಕೊಡ ಕೊಡ ನೀರು ಸುರಿದು ತೊಳೆದು, ಹೊಸ ಬಕೆಟ್ ಇಟ್ಟೆ. ಕೀಲಿಯನ್ನು ಬಾವಿಗೆ ಒಗೆದೆ. ಶಾಂತಾಳನ್ನು ನಮ್ಮವರ ಜೊತೆಗೆ ಗೋಕಾಕದ ಡಾಕ್ಟರ ಹತ್ತಿರ ಕಳಿಸಿದೆ. ಅವಳದು ಇನ್ನೂ ಮರಳಿನಷ್ಟೇ ಇತ್ತು, ನೀರಿಗೆ ಹೋಯಿತು. ರೆಕಾರ್ಡುಗಳನ್ನು ನಾನು ನಮ್ಮ ಮನೆಗೆ ಸಾಗಿಸಿ, ಅಕ್ಕೋರಿಗಾಗಿ ಕೋಣೆ ಖಾಲಿ ಮಾಡಿಸಿದೆನೆಂದು ಅವಳು ನಂಬಿದಳು. ಸಾಲೆಯಲ್ಲೆಲ್ಲ ಹೇಳಿದಳು, ನನ್ನ ಬೀಳ್ಕೊಡುಗೆಯ ಸಭೆಯಲ್ಲಿ ಭಾಷಣ ಮಾಡಿ ಹೇಳಿದಳು. ಹೆಣ್ಣುಮಕ್ಕಳ ಕಷ್ಟ ಬಲ್ಲ ಇಂಥ ದೊಡ್ಡ ಅಕ್ಕೋರು ಎಲ್ಲಿಯೂ ಸಿಗಲಾರರೆಂದು ಕಣ್ಣೊರೆಸಿಕೊಂಡಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ನಿಂತು, ಸಿಸ್ಟರ್ ಆಗ್ನೆಸ್ ಕಲಿಸಿದ ಹಾಗೆ ಸ್ವಲ್ಪವೇ ತಲೆ ಬಾಗಿಸಿ, ಥ್ಯಾಂಕ್ಯೂ ಎಂದೆ.